ಮಾತು ಕಡಿಮೆ ಇರುವವರಿಗೆ ಬೆಂಗಳೂರು ಒಗ್ಗುತ್ತದೆಯೇ?

(ಓದುಗರ ಪ್ರಶ್ನೆಗಳಿಗೆ ಆಪ್ತಸಮಾಲೋಚಕರ ಉತ್ತರ)

ಪ್ರಶ್ನೆ: ನನಗೆ 23 ವರ್ಷ. ಸಾಗರ ತಾಲ್ಲೂಕಿನ ಹಳ್ಳಿಯವನು. ಬಿ.ಕಾಂ. ಮುಗಿಸಿ ಊರಿನ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದೆ. ಈಗ ಬೆಂಗಳೂರಿನ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಸಿಕ್ಕಿದೆ. ಮುಂದಿನ ತಿಂಗಳು ಸೇರಬೇಕು. ನನ್ನದು ಚಿಕ್ಕಂದಿನಿಂದಲೂ ಸಂಕೋಚದ ಸ್ವಭಾವ. ಮದುವೆ ಮನೆಗೆ ಹೋದರೆ ಬಡಿಸಲು ನಿಂತುಬಿಡುತ್ತೇನೆ, ಕೈಯಲ್ಲಿ ಸೌಟಿದ್ದರೆ ಯಾರೊಂದಿಗೂ ಕೂತು ಮಾತಾಡಬೇಕಿಲ್ಲವಲ್ಲ! ಮಾರಿಕಾಂಬಾ ಜಾತ್ರೆಗೆ ಹೋದರೆ ಅರ್ಧ ಗಂಟೆಗೇ ಸಾಕಾಗಿ ವಾಪಸ್. ಗುರುತಿಲ್ಲದವರಿಗೆ ಫೋನ್ ಮಾಡಬೇಕಾದರೆ ಹೇಳಬೇಕಾದದ್ದನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ಇಂಗ್ಲಿಷ್ ಬರೆಯಲು ಬರುತ್ತದೆ, ಮಾತಾಡಲು ನಾಲಿಗೆ ಏಳುವುದಿಲ್ಲ. ಬೆಂಗಳೂರಲ್ಲಿರುವ ದೊಡ್ಡಪ್ಪನ ಮಗ ‘ನಿನ್ನಂಥವನು ಇಲ್ಲಿ ಮೂರು ತಿಂಗಳೂ ಬಾಳಲ್ಲ’ ಎನ್ನುತ್ತಾನೆ. ಅಮ್ಮ ‘ಹೋಗಿ ನೋಡು ಮಾರಾಯ, ಆಗದಿದ್ರೆ ಬಾ’ ಎನ್ನುತ್ತಾಳೆ. ನನಗೆ ಅಲ್ಲಿನ ಬದುಕು ಹಿಡಿಸೀತೇ?
– ಹೆಸರು ಬೇಡ, ಸಾಗರ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಅವನ್ನು ಮೊದಲು ಬಿಡಿಸೋಣ. ಜಾತ್ರೆಯ ಗದ್ದಲದಲ್ಲಿ ಸಾಕಾಗಿಹೋಗುವುದು ಒಂದು. ಫೋನ್ ಮಾಡುವ ಮುಂಚೆ ಚೀಟಿ ಬರೆದುಕೊಳ್ಳುವುದು ಇನ್ನೊಂದು. ಮೊದಲನೆಯದು ಅಂತರ್ಮುಖಿ ಸ್ವಭಾವ: ಜನರ ನಡುವೆ ದಣಿವಾಗುತ್ತದೆ, ಒಬ್ಬರೇ ಇದ್ದಾಗ ಮತ್ತೆ ಚೇತರಿಕೆ. ಸ್ವಿಸ್ ಮನೋವೈದ್ಯ ಕಾರ್ಲ್ ಯುಂಗ್ 1921ರಲ್ಲಿ ಈ ಅಂತರ್ಮುಖಿ–ಬಹಿರ್ಮುಖಿ ವಿಂಗಡಣೆಯನ್ನು ವಿವರಿಸಿದಾಗ ಅದನ್ನು ರೋಗ ಎಂದೇನೂ ಕರೆಯಲಿಲ್ಲ, ಇವತ್ತಿಗೂ ಯಾವ ವೈದ್ಯರೂ ಕರೆಯುವುದಿಲ್ಲ. ಎರಡನೆಯದು ಸಂಕೋಚ. ಅಲ್ಲಿರುವುದು ದಣಿವಲ್ಲ, ಭಯ. ತಪ್ಪು ಮಾತಾಡಿಬಿಟ್ಟರೆ, ಎದುರಿನವರು ನಕ್ಕರೆ ಎಂಬ ಅಳುಕು. ಗೆಳೆಯರು ಬೇಕೆಂಬ ಆಸೆ ಒಳಗೆ ಬೇಕಾದಷ್ಟಿದ್ದೂ ಬಾಗಿಲಲ್ಲೇ ನಿಂತುಬಿಡುವವರು ಸಂಕೋಚದವರು. ಅಂತರ್ಮುಖಿಗಳಾಗಿದ್ದೂ ನೂರು ಜನರೆದುರು ಲೀಲಾಜಾಲವಾಗಿ ಪಾಠ ಹೇಳಿ, ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುವ ಮೇಷ್ಟ್ರುಗಳಿದ್ದಾರೆ. ನಿಮ್ಮಲ್ಲಿ ಎರಡೂ ಇದ್ದ ಹಾಗೆ ಕಾಣುತ್ತದೆ.

ಬಿಡಿಸಿದ್ದು ಯಾಕೆಂದರೆ, ಈ ಎರಡಕ್ಕೂ ಬೆಂಗಳೂರು ಕೊಡುವ ಉತ್ತರ ಒಂದೇ ಅಲ್ಲ. ನಿಮ್ಮೊಳಗಿನ ಅಂತರ್ಮುಖಿಗೆ ಈ ಊರು ನಿಮ್ಮ ಹಳ್ಳಿಗಿಂತ ಚೆನ್ನಾಗಿಯೇ ಒಗ್ಗಬಹುದು. ಸಂಕೋಚಕ್ಕೂ ಒಗ್ಗುತ್ತದೆ. ಬಹಳ ಸಲೀಸಾಗಿ ಒಗ್ಗಿಬಿಡುತ್ತದೆ ಎನ್ನುವುದೇ ಅಲ್ಲಿರುವ ತೊಂದರೆ.

ಜಾತ್ರೆಯನ್ನೇ ತೆಗೆದುಕೊಳ್ಳಿ. ಮಾರಿಕಾಂಬೆಯ ಜಾತ್ರೆಯಲ್ಲಿ ನಿಮ್ಮನ್ನು ದಣಿಸುವುದು ಬರೀ ಗದ್ದಲವೇ? ಹತ್ತು ಹೆಜ್ಜೆಗೊಬ್ಬರು ತಡೆದು ‘ಏನೋ, ಯಾವಾಗ ಬಂದೆ, ಕೆಲಸ ಆಯ್ತಾ, ಅಪ್ಪ ಎಲ್ಲಿ’ ಎಂದು ಕೇಳುತ್ತಾರೆ. ಪ್ರತಿಯೊಬ್ಬರಿಗೂ ನಕ್ಕು ಉತ್ತರ ಕೊಡಬೇಕು. ಬೆಂಗಳೂರಿಗೆ ಬಂದ ಮೇಲೆ ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಒಬ್ಬರೇ ಹೋಗಿ ನೋಡಿ. ಕಾಲಿಡಲು ಜಾಗವಿರುವುದಿಲ್ಲ, ಪೀಪಿಯ ಸದ್ದು ಬೇರೆ. ಆದರೂ ಒಂದು ಸೇರು ಹುರಿದ ಕಾಯಿ ಕಟ್ಟಿಸಿಕೊಂಡು ಎರಡು ಗಂಟೆ ಸುತ್ತಾಡಿ ಹಾಯಾಗಿ ಬರುತ್ತೀರಿ ಅಂದುಕೊಳ್ಳುತ್ತೇನೆ. ಅಲ್ಲಿ ಯಾರಿಗೂ ನೀವು ಯಾರ ಮಗನೂ ಅಲ್ಲ.

ದೊಡ್ಡ ಊರಿನವರು ಬಿಗುಮಾನದವರು, ಮುಖ ಕೊಟ್ಟು ಮಾತಾಡುವುದಿಲ್ಲ ಎಂದು ಊರ ಕಡೆ ಹೇಳುತ್ತಾರಲ್ಲ, ಅದಕ್ಕೆ ಕಾರಣವಿದೆ. ಅಮೆರಿಕದ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ 1970ರಲ್ಲಿ ಇದರ ಬಗ್ಗೆ ಬರೆದರು: ನಗರದಲ್ಲಿ ದಿನಕ್ಕೆ ಎದುರಾಗುವ ಮುಖಗಳೂ ಸದ್ದುಗಳೂ ಮನಸ್ಸಿನ ಅಳವಿಗೆ ಮೀರಿದಷ್ಟು, ಹಾಗಾಗಿ ಎಲ್ಲರೂ ತಮ್ಮ ಗಮನವನ್ನು ಹಿಡಿತದಲ್ಲಿಟ್ಟು ಖರ್ಚು ಮಾಡಲು ಕಲಿಯುತ್ತಾರೆ. ಅಂದರೆ ನೀವು ಹುಟ್ಟಿನಿಂದ ಮಾಡಿಕೊಂಡು ಬಂದದ್ದನ್ನೇ ಇಲ್ಲಿ ಎಲ್ಲರೂ ಮಾಡುತ್ತಿರುತ್ತಾರೆ. 2011ರ ಜನಗಣತಿಯಲ್ಲೇ 80 ಲಕ್ಷ ದಾಟಿದ್ದ ಊರಿದು. ಮೆಟ್ರೊದಲ್ಲಿ ಮಾತಾಡದೆ ನಿಂತವನನ್ನು ಯಾರೂ ‘ಯಾಕೋ ಸಪ್ಪಗಿದ್ದೀಯ’ ಎಂದು ಕೇಳುವುದಿಲ್ಲ.

ಇನ್ನು ದರ್ಶಿನಿಗಳು. ಅಂತರ್ಮುಖಿಗಳಿಗೆಂದೇ ಯಾರೋ ಯೋಚಿಸಿ ಕಟ್ಟಿದ ಹಾಗಿವೆ (ಇದು ನನ್ನ ಖಾಸಗಿ ಅಭಿಪ್ರಾಯ). ಗಲ್ಲಾದಲ್ಲಿ ದುಡ್ಡು ಕೊಟ್ಟು ಚೀಟಿ ತಗೊಂಡು, ಒಳಗಿನ ಕೌಂಟರಿನಲ್ಲಿಟ್ಟು ‘ಒಂದು ಇಡ್ಲಿ ವಡೆ, ಡಿಪ್’ ಅನ್ನಬೇಕು. ಆಡಬೇಕಾದ ಮಾತು ಅಷ್ಟೇ. ನಿಂತುಕೊಂಡು ತಿನ್ನುವುದು, ಎದುರಿಗೆ ಇನ್ನೊಬ್ಬರು ಅದೇ ಟೇಬಲ್ಲಿಗೆ ತಟ್ಟೆಯಿಟ್ಟು ತಾವೂ ಮಾತಿಲ್ಲದೆ ತಿಂದು ಹೊರಡುತ್ತಾರೆ. ಒಬ್ಬನೇ ಬಂದಿದ್ದಾನೆ ಪಾಪ ಎಂದು ನೋಡುವವರಿಲ್ಲ, ಯಾಕೆಂದರೆ ಬಂದವರಲ್ಲಿ ಬಹಳಷ್ಟು ಮಂದಿ ಒಬ್ಬರೇ ಬಂದಿರುತ್ತಾರೆ.

ಹಾಗಾದರೆ ನಿಮ್ಮನ್ನು ಸುಸ್ತು ಮಾಡುವುದು ಯಾವುದು? ಊರಿನವರೆಲ್ಲ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನ ಹೆಸರು ಹೇಳಿ ಹೆದರಿಸುತ್ತಾರೆ. ನನ್ನ ಹತ್ತಿರ ಬರುವ ಹುಡುಗ ಹುಡುಗಿಯರನ್ನು ನೋಡಿದರೆ ರಸ್ತೆಗಿಂತ ಹೆಚ್ಚು ಹಣ್ಣು ಮಾಡುವುದು ಪಿಜಿಯ ರೂಮು. ತ್ರೀ ಶೇರಿಂಗ್ ಎಂದರೆ ಮೂರು ಮಂಚ, ಒಂದು ಬಾತ್‌ರೂಮು, ಮಂಚದ ಪಕ್ಕದಲ್ಲಿ ಒಂದು ಕಬ್ಬಿಣದ ಬೀರು. ನೀವು ಆಫೀಸಿನಿಂದ ಬರುವ ಹೊತ್ತಿಗೆ ಒಬ್ಬ ಇಯರ್‌ಫೋನ್ ಹಾಕದೆ ರೀಲ್ಸ್ ನೋಡುತ್ತಿರುತ್ತಾನೆ. ಇನ್ನೊಬ್ಬನಿಗೆ ನೈಟ್ ಶಿಫ್ಟು, ಅಲಾರಾಂ ಅವನದು, ಎದ್ದು ನಿಲ್ಲಿಸುವವರು ನೀವು. ಹಾಸಿಗೆಯ ಮೇಲೆ ಗೋಡೆಯ ಕಡೆ ತಿರುಗಿ ಮಲಗುವುದೊಂದೇ ನಿಮ್ಮ ಏಕಾಂತ. ದಿನವಿಡೀ ಜನರ ನಡುವಿದ್ದು ಬಂದ ಅಂತರ್ಮುಖಿಗೆ ರಾತ್ರಿಯೂ ಚೇತರಿಸಿಕೊಳ್ಳಲು ಜಾಗವಿಲ್ಲ ಎಂದಾಗ, ಎರಡನೆಯ ತಿಂಗಳಿಗೆ ‘ಈ ಊರೇ ನನಗಾಗಲ್ಲ’ ಅನ್ನಿಸಿಬಿಡುತ್ತದೆ. ಆಗದೆ ಇದ್ದದ್ದು ಆ ರೂಮು.

ಹಾಗಾಗಿ ಇದೊಂದು ವಿಷಯದಲ್ಲಿ ಜಿಪುಣತನ ಮಾಡಬೇಡಿ. ಸಂಬಳದ ಲೆಕ್ಕ ಹಾಕುವಾಗ, ನೀವು ಲೆಕ್ಕದವರೇ ಅಲ್ಲವೇ, ಬೈಕಿನ ಕಂತನ್ನು ಮುಂದೂಡಿ ಸಿಂಗಲ್ ರೂಮಿಗೆ ದುಡ್ಡು ತೆಗೆದಿಡಿ. ಕಿಷ್ಕಿಂಧೆಯಾದರೂ ಸರಿ, ಒಳಗಿನಿಂದ ಚಿಲಕ ಹಾಕಿಕೊಳ್ಳುವಂತಿರಬೇಕು. ಸದ್ಯಕ್ಕೆ ಆಗದಿದ್ದರೆ ಇಬ್ಬರ ರೂಮು, ಅದೂ ನಿಮ್ಮ ಪಾಳಿಗಿಂತ ಬೇರೆ ಪಾಳಿಯಲ್ಲಿ ದುಡಿಯುವವರ ಜೊತೆ ಆದರೆ ದಿನಕ್ಕೆ ಒಂದಿಷ್ಟು ಗಂಟೆ ರೂಮು ನಿಮ್ಮೊಬ್ಬರದೇ. ಆಫೀಸಿಗೆ ನಡೆದು ಹೋಗುವಷ್ಟು ಹತ್ತಿರ, ಇಲ್ಲವೇ ಮೆಟ್ರೊ ದಾರಿಯಲ್ಲಿ ಹುಡುಕಿ. ದೊಡ್ಡಪ್ಪನ ಮಗನ ಮನೆಯಲ್ಲಿ ಮೊದಲ ಹದಿನೈದು ದಿನ ಸಾಕು. ನೆಂಟರ ಮನೆಯ ಹಾಲ್‌ನಲ್ಲಿ ಮಲಗುವುದು ಪಿಜಿಗಿಂತ ಕಷ್ಟ, ಅಲ್ಲಿ ಮುಖ ಸಿಂಡರಿಸುವ ಸ್ವಾತಂತ್ರ್ಯವೂ ಇರುವುದಿಲ್ಲ.

ಈಗ ಸಂಕೋಚದ ಮಾತು. ಊರಲ್ಲಿ ನೀವು ಯಾರನ್ನೂ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಪಕ್ಕದ ಮನೆಯವರು, ಶಾಲೆಯ ಜೊತೆಗಾರರು, ಸಂಘಕ್ಕೆ ಅಡಿಕೆ ತರುವವರು, ಎಲ್ಲರೂ ತಾವಾಗಿಯೇ ಬಂದು ಮಾತಾಡಿಸುತ್ತಿದ್ದರು. ನಿಮಗದು ಕಿರಿಕಿರಿ ಅನ್ನಿಸಿದರೂ ನಿಮ್ಮ ಸಂಬಂಧಗಳೆಲ್ಲ ಬೆಳೆದದ್ದು ಅದರಿಂದಲೇ. ಬೆಂಗಳೂರಿನಲ್ಲಿ ಹಾಗೆ ಬಂದು ಮಾತಾಡಿಸುವವರಿಲ್ಲ. ಮೇಲಾಗಿ ಊಟ ಆ್ಯಪ್‌ನಲ್ಲಿ, ದುಡ್ಡು ಕ್ಯೂಆರ್ ಕೋಡ್‌ನಲ್ಲಿ, ಆಟೊ ಫೋನಿನಲ್ಲಿ. ಮನಸ್ಸು ಮಾಡಿದರೆ ಇಡೀ ವಾರಾಂತ್ಯ ಬಾಯಿ ಬಿಡದೆ ಕಳೆಯಬಹುದು. ಅಂತರ್ಮುಖಿಗೆ ಅದು ವಿಶ್ರಾಂತಿ, ಆದರೆ ಸಂಕೋಚಕ್ಕೆ ಗೊಬ್ಬರ. ಭಯ ಪಟ್ಟದ್ದನ್ನು ತಪ್ಪಿಸಿಕೊಂಡಷ್ಟೂ ಆ ಕ್ಷಣಕ್ಕೆ ಹಾಯೆನಿಸುತ್ತದೆ, ಭಯ ಮಾತ್ರ ದೊಡ್ಡದಾಗುತ್ತಾ ಹೋಗುತ್ತದೆ. ನಾವು ಚಿಕಿತ್ಸೆಯಲ್ಲಿ ಮಾಡಿಸುವುದು ಅದರ ಉಲ್ಟಾ: ಸಣ್ಣ ಸಣ್ಣ ಅಳತೆಯಲ್ಲಿ, ಮತ್ತೆ ಮತ್ತೆ, ತಪ್ಪಿಸಿಕೊಳ್ಳದೆ ಎದುರಿಸುವುದು.

ಸಣ್ಣ ಅಳತೆ ಎಂದರೆ ಎಷ್ಟು ಸಣ್ಣದು? ದಿನಾ ಅದೇ ಹೊತ್ತಿಗೆ ಅದೇ ದರ್ಶಿನಿಗೆ ಹೋಗುವಷ್ಟು. ಕೆಲವು ದಿನ ಕಳೆದ ಮೇಲೆ ಕಾಫಿ ಕೌಂಟರಿನವನು ನೀವು ಚೀಟಿ ಇಡುವ ಮೊದಲೇ ‘ಸಕ್ಕರೆ ಕಮ್ಮಿ ಅಲ್ವಾ ಸಾರ್?’ ಅನ್ನುತ್ತಾನೆ. ‘ಹೂಂ, ಸ್ವಲ್ಪ ಸ್ಟ್ರಾಂಗ್’ ಅನ್ನಿ. ಅಷ್ಟೇ. ಇನ್ನೊಂದು ದಿನ ‘ನಿನ್ನೆ ನೀವಿರಲಿಲ್ಲ?’ ಎಂದು ನೀವೇ ಕೇಳಿ. ಇದೇ ಮಿಲ್‌ಗ್ರಾಮ್ 1972ರಲ್ಲಿ, ದಿನಾ ಒಂದೇ ನಿಲ್ದಾಣದಲ್ಲಿ ನಿಲ್ಲುತ್ತಾ ಮುಖ ಗುರುತಿದ್ದರೂ ಎಂದೂ ಮಾತಾಡದವರ ಬಗ್ಗೆ ಬರೆದಿದ್ದಾರೆ. ನಗರದಲ್ಲಿ ಅಂಥ ಮುಖಪರಿಚಯಗಳು ಧಾರಾಳ. ಮೆಟ್ರೊ ಪ್ಲಾಟ್‌ಫಾರ್ಮಿನಲ್ಲಿ, ಲಿಫ್ಟಿನಲ್ಲಿ, ಪಿಜಿಯ ಸಾಂಬಾರಿನ ಪಾತ್ರೆಯ ಮುಂದೆ ದಿನಾ ಸಿಗುವ ಮುಖಕ್ಕೆ ತಲೆಯಾಡಿಸುವುದರಿಂದ ಶುರು ಮಾಡಿ. ಒಂದು ಷರತ್ತು: ಆ ಹೊತ್ತಿನಲ್ಲಿ ಕಿವಿಗೆ ಇಯರ್‌ಫೋನ್ ಬೇಡ.

ಎಲ್ಲರೂ ನನ್ನನ್ನೇ ನೋಡುತ್ತಾರೆ ಎಂಬ ಭಾವನೆಗೂ ಒಂದು ಪರೀಕ್ಷೆ ನಡೆದಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ವಿದ್ಯಾರ್ಥಿಗಳಿಗೆ ಮುಜುಗರ ತರುವಂಥ ಚಿತ್ರದ ಟಿ–ಶರ್ಟ್ ತೊಡಿಸಿ ಜನರಿದ್ದ ಕೋಣೆಗೆ ಕಳಿಸಿದರು. ಸುಮಾರು ಅರ್ಧದಷ್ಟು ಮಂದಿ ಗಮನಿಸಿರುತ್ತಾರೆ ಎಂದು ತೊಟ್ಟವರ ಅಂದಾಜು. ನಿಜಕ್ಕೂ ಗಮನಿಸಿದ್ದು ಹೆಚ್ಚುಕಡಿಮೆ ಕಾಲು ಭಾಗ. 2000ನೇ ಇಸವಿಯಲ್ಲಿ ಪ್ರಕಟವಾದ ಅಧ್ಯಯನ ಇದು. ನಿಮ್ಮ ಇಂಗ್ಲಿಷಿನ ವಿಷಯದಲ್ಲೂ ಹೀಗೇ ಇರುತ್ತದೆ. ಮೀಟಿಂಗಿನಲ್ಲಿ ನಿಮ್ಮ ವ್ಯಾಕರಣ ತಪ್ಪಿದ್ದನ್ನು ನೆನಪಿಟ್ಟುಕೊಳ್ಳುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ, ಅವರವರ ವಾಕ್ಯ ಅವರವರಿಗೆ. ಚೀಟಿ ಬರೆದುಕೊಳ್ಳುವ ಅಭ್ಯಾಸ ಬಿಡಬೇಕಾಗಿಲ್ಲ, ಆದರೆ ಅದರಲ್ಲಿ ಮೊದಲ ಸಾಲನ್ನು ಮಾತ್ರ ಬರೆಯಿರಿ. ಉಳಿದದ್ದು ಬಂದ ಹಾಗೆ ಬರಲಿ.

ನಿಮ್ಮ ಪತ್ರದಲ್ಲಿ ನನಗೆ ಬಹಳ ಇಷ್ಟವಾದದ್ದು ಆ ಬಡಿಸುವ ಸೌಟು. ಕೈಯಲ್ಲಿ ಕೆಲಸವಿದ್ದರೆ ನೀವು ಇನ್ನೂರು ಜನರ ಪಂಕ್ತಿಯಲ್ಲಿ ಸಲೀಸಾಗಿ ಓಡಾಡುತ್ತೀರಿ. ಬೆಂಗಳೂರಿನಲ್ಲೂ ಅಂಥದ್ದನ್ನೇ ಹುಡುಕಿ. ‘ಬನ್ನಿ, ಪರಿಚಯ ಮಾಡಿಕೊಳ್ಳೋಣ’ ಎನ್ನುವ ಕೂಟಗಳು ನಿಮಗಲ್ಲ. ಕಬ್ಬನ್ ಪಾರ್ಕಿನಲ್ಲಿ ಶನಿವಾರ ಬೆಳಿಗ್ಗೆ ‘ಕಬ್ಬನ್ ರೀಡ್ಸ್’ ಎಂದು ಮರದಡಿ ಚಾಪೆ ಹಾಸಿಕೊಂಡು ಮೌನವಾಗಿ ಓದುವವರು ಸೇರುತ್ತಾರೆ. ಪುಸ್ತಕ ಹಿಡಿದು ಕೂತರಾಯಿತು. ಅದೇ ಪಾರ್ಕಿನ ಕೆಂಪು ಕಟ್ಟಡದಲ್ಲಿ, 1915ರಲ್ಲಿ ಕಟ್ಟಿದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ, ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಜೆ.ಪಿ. ನಗರದ ರಂಗಶಂಕರದಲ್ಲಿ ನಾಟಕ ಹೇಳಿದ ಹೊತ್ತಿಗೆ ಸರಿಯಾಗಿ ಶುರು, ತಡವಾದರೆ ಒಳಗೆ ಬಿಡುವುದಿಲ್ಲ. ಕತ್ತಲಲ್ಲಿ ನೂರಾರು ಜನರ ಜೊತೆ ಕೂತೂ ಒಬ್ಬರೇ ಇರಬಹುದು. ನೀವು ಸಾಗರ ಸೀಮೆಯವರಾದ್ದರಿಂದ ತಾಳಮದ್ದಲೆ, ಯಕ್ಷಗಾನದ ರುಚಿ ಇದ್ದೇ ಇರುತ್ತದೆ. ಇಲ್ಲಿ ನಡೆಯುವ ಪ್ರದರ್ಶನಗಳಲ್ಲಿ ಕುರ್ಚಿ ಜೋಡಿಸಲು, ಟೀ ಹಂಚಲು ಯಾವಾಗಲೂ ಕೈ ಕಡಿಮೆ. ಹೋಗಿ ‘ಏನಾದ್ರೂ ಮಾಡ್ಲಾ?’ ಎಂದು ಕೇಳಿ. ಲಾಲ್‌ಬಾಗಿಗೂ ಹೋಗಿ, ಜನವರಿ ಮತ್ತು ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ದಿನಗಳನ್ನು ಬಿಟ್ಟು.

ದೊಡ್ಡಪ್ಪನ ಮಗನ ಮೂರು ತಿಂಗಳ ಭವಿಷ್ಯವನ್ನು ಗಂಭೀರವಾಗಿ ತಗೊಳ್ಳಬೇಡಿ. ಮೊದಲ ಮೂರು ತಿಂಗಳು ಯಾರಿಗೂ ಹಿಡಿಸುವುದಿಲ್ಲ, ಮಾತಿನಮಲ್ಲರಿಗೂ. ಆರೇಳು ತಿಂಗಳಾದ ಮೇಲೆ ನಿರ್ಧರಿಸಿ. ಶುಕ್ರವಾರ ರಾತ್ರಿ ತಾಳಗುಪ್ಪದ ರೈಲು ಹತ್ತಿದರೆ ಬೆಳಿಗ್ಗೆ ಸಾಗರ, ಅದೇನು ದೂರವಲ್ಲ. ಆದರೆ ಶುರುವಿನಲ್ಲಿ ಪ್ರತಿ ವಾರ ಹತ್ತಬೇಡಿ. ಭಾನುವಾರದ ಬೆಂಗಳೂರನ್ನು ನೋಡದವರಿಗೆ ಈ ಊರು ಬರೀ ಆಫೀಸಾಗಿ ಉಳಿದುಬಿಡುತ್ತದೆ. ನಿಮ್ಮ ಅಮ್ಮ ಹೇಳಿದ್ದು ಸರಿಯಾಗಿದೆ.

ಪ್ರಶ್ನೆ: ಮಗಳಿಗೆ 22 ವರ್ಷ, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ಮೊದಲಿನಿಂದಲೂ ಮೌನಿ. ಭಾನುವಾರ ಫೋನ್ ಮಾಡಿದರೆ ‘ರೂಮಲ್ಲೇ ಇದೀನಿ’ ಎನ್ನುತ್ತಾಳೆ. ಚಿಂತೆಯಾಗುತ್ತಿದೆ.
– ಒಬ್ಬ ತಾಯಿ, ಹಾಸನ

ಉತ್ತರ: ಭಾನುವಾರ ರೂಮಿನಲ್ಲಿರುವುದು ಚಿಂತೆಯ ವಿಷಯವಲ್ಲ, ವಾರವಿಡೀ ದುಡಿದ ಮೌನಿಗೆ ಅದು ಬೇಕು. ನೀವು ಕೇಳಬೇಕಾದದ್ದು ರೂಮಿನಲ್ಲಿ ಏನು ಮಾಡಿದೆ ಎಂದು. ಓದಿದೆ, ಬಟ್ಟೆ ಒಗೆದೆ, ಸಿನಿಮಾ ನೋಡಿದೆ, ಉಪ್ಪಿಟ್ಟು ಮಾಡಿಕೊಂಡೆ ಎಂದರೆ ಹುಡುಗಿ ಆರಾಮಾಗಿದ್ದಾಳೆ. ಹಿಂದೆ ಇಷ್ಟಪಡುತ್ತಿದ್ದ ಯಾವುದೂ ಬೇಡವಾಗಿದೆ, ನಿದ್ದೆ ಊಟ ಕೆಟ್ಟಿದೆ, ಆಫೀಸಿಗೆ ಪದೇ ಪದೇ ರಜೆ ಹಾಕುತ್ತಾಳೆ, ಜನರೆದುರು ಮಾತಾಡುವ ಮುನ್ನ ಎದೆ ಹೊಡೆದುಕೊಂಡು ಕೈ ನಡುಗುತ್ತದೆ, ಇದೆಲ್ಲ ವಾರಗಟ್ಟಲೆ ನಡೆದಿದೆ ಎಂದಾದರೆ ಅದು ಸ್ವಭಾವ ಅಲ್ಲ. ಖಿನ್ನತೆ ಅಥವಾ ಸಾಮಾಜಿಕ ಆತಂಕ ಇರಬಹುದು, ಎರಡಕ್ಕೂ ಒಳ್ಳೆಯ ಚಿಕಿತ್ಸೆಯಿದೆ. ಮಾನಸಿಕ ಆರೋಗ್ಯದ ಆಸ್ಪತ್ರೆ ನಿಮ್ಹಾನ್ಸ್ ಬೆಂಗಳೂರಿನೊಳಗೇ ಇದೆ. ಅಲ್ಲಿಗೆ ಹೋಗಲು ಅಳುಕಾದರೆ ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ್ದು, ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನೀವೇ ಮೊದಲು ಕರೆ ಮಾಡಿ ಕೇಳಿದರೂ ತಪ್ಪಿಲ್ಲ. ಸಾಯುವ ಮಾತು ಒಮ್ಮೆ ಬಂದರೂ ಕಾಯಬೇಡಿ, ಅವತ್ತೇ ಬಸ್ಸು ಹತ್ತಿ.

ಪ್ರಶ್ನೆ: ಆಫೀಸಿನ ಟೀಮ್ ಔಟಿಂಗ್ ಎಂದರೆ ನನಗೆ ಎರಡು ದಿನ ಮೊದಲೇ ಹೊಟ್ಟೆ ತೊಳಸುತ್ತದೆ. ಹೋಗಲೇಬೇಕೇ?
– ಒಬ್ಬ ಉದ್ಯೋಗಿ, ವೈಟ್‌ಫೀಲ್ಡ್

ಉತ್ತರ: ಹೋಗಿ, ಆದರೆ ಪೂರ್ತಿ ಇರಬೇಡಿ. ಹೊರಡುವ ಹೊತ್ತನ್ನು ಮೊದಲೇ ಹೇಳಿಬಿಟ್ಟರೆ ಅರ್ಧ ಆತಂಕ ಕಡಿಮೆ. ಫೋಟೊ ತೆಗೆಯುವುದೋ, ಊಟದ ಲೆಕ್ಕ ನೋಡುವುದೋ, ಏನಾದರೊಂದು ಕೆಲಸ ವಹಿಸಿಕೊಳ್ಳಿ. ಒಬ್ಬಿಬ್ಬರ ಜೊತೆ ಕೂತು ಊಟ ಮಾಡಿ, ಡಿಜೆ ಶುರುವಾಗುವಾಗ ಎದ್ದು ಬನ್ನಿ. ವಾಪಸ್ ಬರುವ ಗಾಡಿಯನ್ನು ಮಾತ್ರ ಹಗಲಲ್ಲೇ ಗೊತ್ತು ಮಾಡಿಟ್ಟುಕೊಳ್ಳಿ, ಊರಾಚೆಯ ರೆಸಾರ್ಟುಗಳಿಂದ ರಾತ್ರಿ ಕ್ಯಾಬ್ ಸಿಗುವುದು ಕಷ್ಟ.