ಸಭೆ ಬಿಟ್ಟಿರುವ ತಮ್ಮನಿಗೆ ವಾಕ್ಯ ತೋರಿಸಿ ನೇರವಾಗಿ ಹೇಳಬೇಕಾ, ಪ್ರೀತಿಯಿಂದ ಸುಮ್ಮನಿರಬೇಕಾ?

ತಮ್ಮ ಚರ್ಚಿನ ಸಭೆಗೆ ಬರುವುದು ಬಿಟ್ಟು ಐದು ತಿಂಗಳಾಯಿತು, ಅವನಿಗೆ ತೋರಿಸಲು ಬೈಬಲಿನ ಏಳು ವಚನ ಬರೆದಿಟ್ಟುಕೊಂಡಿದ್ದೇನೆ ಅಂತ ಬರೆದಿದ್ದೀರಿ. ಅದನ್ನು ಓದಿದಾಗ ನನ್ನ ಎದೆ ಧಸಕ್ಕೆಂದಿತು. ನನ್ನ ಕೈಯಲ್ಲಿದ್ದದ್ದು ಒಂದೇ ವಚನ. ಗೆಳೆಯನನ್ನು ಕಳೆದುಕೊಳ್ಳಲು ಅಷ್ಟೇ ಸಾಕಾಯಿತು.

ಆಗ ನಮ್ಮ ಸಭೆಯ ವಾರದ ಪ್ರಾರ್ಥನಾ ಕೂಟವನ್ನು ನಾನೇ ನಡೆಸುತ್ತಿದ್ದೆ. ಆ ಗೆಳೆಯನೂ ನಾನೂ ಒಂದೇ ದಿನ ದೀಕ್ಷಾಸ್ನಾನ ತೆಗೆದುಕೊಂಡವರು. ಇದ್ದಕ್ಕಿದ್ದ ಹಾಗೆ ಮೂರು ತಿಂಗಳು ಅವನ ಮುಖ ಕಾಣಲಿಲ್ಲ. ಮೆಸೇಜ್ ಹಾಕಿದರೆ "ಮುಂದಿನ ವಾರ ನೋಡೋಣ" ಅನ್ನುತ್ತಿದ್ದ. ವಿಶ್ವಾಸದಿಂದ ಹಿಂಜಾರಿದ್ದಾನೆ ಅಂತ ನಾನು ತೀರ್ಮಾನಿಸಿಬಿಟ್ಟೆ. ವಿಶ್ವಾಸಿಗಳ ನಡುವೆ ಈ ಮಾತು ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ ಅಂತ ನಿಮಗೂ ಗೊತ್ತಿರಬೇಕು, ಅಲ್ವಾ?

ಒಂದು ಸಂಜೆ ಅವನು ಬಂದ. ಕೂಟ ಶುರುವಾಗಿತ್ತು. ಬಾಗಿಲ ಪಕ್ಕದ ಕೊನೆಯ ಕುರ್ಚಿಯಲ್ಲಿ ಕೂತ. ಆ ದಿನ ಓದಬೇಕಾಗಿದ್ದದ್ದು ಒಂದು ಕೀರ್ತನೆ. ಅವನನ್ನು ನೋಡಿದ ಮೇಲೆ ನಾನು ಪುಟ ತಿರುಗಿಸಿ ಹೊಸ ಒಡಂಬಡಿಕೆಯ ಇಬ್ರಿಯರಿಗೆ ಬರೆದ ಪತ್ರದ 10:25 ತೆಗೆದೆ. ಸಭೆಯಾಗಿ ಕೂಡಿಬರುವುದನ್ನು ಕೆಲವರು ಬಿಟ್ಟಿರುವ ಹಾಗೆ ನಾವು ಬಿಡಬಾರದು ಅನ್ನುವ ವಚನ. ಎಲ್ಲರಿಗಿಂತ ಮೊದಲು ಅದನ್ನು ಹುಡುಕಿದವನು ಅವನೇ. ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೇಳುತ್ತಾ ಕೂತ. ಹತ್ತು ನಿಮಿಷ ವಿವರಿಸಿದೆ. ಹೆಸರು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ, ಇಬ್ಬರು ಮೂವರು ಆಗಲೇ ಹಿಂದೆ ತಿರುಗಿ ನೋಡಿದ್ದರು. ಸ್ವಲ್ಪ ಹೊತ್ತಿಗೆ ಅವನು ಬೆರಳು ಒಳಗೇ ಇಟ್ಟು ಬೈಬಲ್ ಮುಚ್ಚಿದ. ಆಮೇಲೆ ಬೆರಳನ್ನು ನಿಧಾನವಾಗಿ ಹೊರಗೆ ತೆಗೆದುಕೊಂಡ. ಕೊನೆಯ ಪ್ರಾರ್ಥನೆ ಮುಗಿಸಿ ನಾನು ಕಣ್ಣು ತೆರೆದಾಗ ಆ ಕುರ್ಚಿ ಖಾಲಿಯಾಗಿತ್ತು.

ಎರಡು ವಾರದ ನಂತರ ಅವನ ಹೆಂಡತಿಯಿಂದ ವಿಷಯ ತಿಳಿಯಿತು. ಐದು ತಿಂಗಳ ಮಗು ಹೊಟ್ಟೆಯಲ್ಲೇ ಹೋಗಿತ್ತು. ಸಭೆಯಲ್ಲಿ ಯಾರೋ "ದೇವರ ಚಿತ್ತ, ಅಳಬೇಡಿ" ಅಂದಿದ್ದರಂತೆ. ಆಮೇಲೆ ಅವನಿಗೆ ಬಂದು ಹಾಡಲು ಆಗಿರಲಿಲ್ಲ. ಆ ಸಂಜೆ ಅವಳೇ ಒತ್ತಾಯ ಮಾಡಿ ಕಳಿಸಿದ್ದಳು. "ನೀವಾದರೂ ಹೋಗಿ, ನಮಗೋಸ್ಕರ ಪ್ರಾರ್ಥನೆ ಮಾಡಿ ಅಂತ ಕೇಳಿಕೊಂಡು ಬನ್ನಿ" ಅಂದಿದ್ದಳು.

ಅವನು ಪ್ರಾರ್ಥನೆ ಕೇಳಲು ಬಂದಿದ್ದ.

ನನ್ನ ತಪ್ಪು ಯಾವುದು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಷ್ಟೋ ಜನ ಇದನ್ನು ಕೇಳಿ "ಸ್ವಲ್ಪ ಮೃದುವಾಗಿ ಹೇಳಬೇಕಿತ್ತು" ಅನ್ನುತ್ತಾರೆ. ನಾನು ಮೃದುವಾಗಿಯೇ ಹೇಳಿದ್ದೆ. ದನಿ ಏರಿಸಿರಲಿಲ್ಲ, ನಡುವೆ ನನ್ನ ಗಂಟಲೂ ಕಟ್ಟಿತ್ತು. ಮೆಲ್ಲಗೆ ಮಾತಾಡಿದರೆ ಅದೇ ಪ್ರೀತಿ ಅಂದುಕೊಂಡಿದ್ದೆ. ವಚನವೂ ಸುಳ್ಳಲ್ಲ. ಇವತ್ತಿಗೂ ಅದನ್ನು ನಂಬುತ್ತೇನೆ. ಎಲ್ಲರ ಮುಂದೆ ಹೇಳಿದ್ದು ತಪ್ಪು, ಒಪ್ಪುತ್ತೇನೆ. ಹೊಸ ಒಡಂಬಡಿಕೆಯಲ್ಲಿ ಬರುವ ಪ್ರಿಸ್ಕಿಲ್ಲ ಮತ್ತು ಅಕ್ವಿಲ ದಂಪತಿ, ಬೋಧಕ ಅಪೊಲ್ಲೋಸನನ್ನು ತಿದ್ದಬೇಕಾಗಿ ಬಂದಾಗ ಅವನನ್ನು ಕರೆದುಕೊಂಡು ಹೋಗಿ ವಿವರಿಸಿದರು, ಸಭಾಮಂದಿರದಲ್ಲಿ ಎದ್ದು ನಿಲ್ಲಲಿಲ್ಲ. ಆದರೆ ಅವನೊಬ್ಬನೇ ಸಿಕ್ಕಾಗ ನಾನು ಅದೇ ವಚನ ಓದಿದ್ದರೂ ಅದು ತಪ್ಪೇ ಆಗುತ್ತಿತ್ತು. ಯಾಕೆಂದರೆ ಮೂರು ತಿಂಗಳಲ್ಲಿ ಒಂದು ಸಲವೂ ನಾನು "ಏನಾಯ್ತು?" ಅಂತ ಕೇಳಿರಲಿಲ್ಲ. "ಯಾಕೆ ಬರ್ತಿಲ್ಲ?" ಅಂತ ಮಾತ್ರ ಕೇಳಿದ್ದೆ. ಎರಡೂ ಒಂದೇ ಅಲ್ಲ. "ಯಾಕೆ ಬರ್ತಿಲ್ಲ" ಅಂದಾಗ ನನ್ನ ಕಣ್ಣು ಅವನ ಖಾಲಿ ಕುರ್ಚಿಯ ಮೇಲಿತ್ತು. "ಏನಾಯ್ತು" ಅಂದಿದ್ದರೆ ಅವನ ಮೇಲೆ ಇರುತ್ತಿತ್ತು.

ಒಂದು ವರ್ಷ ಕಳೆದ ಮೇಲೆ ಮತ್ತೆ ಆ ಪುಟ ತೆರೆದೆ. 25ನೇ ವಚನದ ಕೆಳಗೆ ನಾನೇ ಎಳೆದ ಕೆಂಪು ಗೆರೆ ಇತ್ತು. ಮೇಲಿನ 24ಕ್ಕೆ ಪೆನ್ಸಿಲ್ ಸೋಕಿಯೂ ಇರಲಿಲ್ಲ. ಪ್ರೀತಿಗೂ ಒಳ್ಳೆಯ ಕೆಲಸಕ್ಕೂ ಹುರಿದುಂಬಿಸುವ ಹಾಗೆ ನಾವು ಒಬ್ಬರನ್ನೊಬ್ಬರು ಗಮನಿಸೋಣ ಅಂತ ಅಲ್ಲಿದೆ. ಗ್ರೀಕಿನಲ್ಲಿ ಅವೆರಡೂ ಒಂದೇ ವಾಕ್ಯ. ಪತ್ರ ಬರೆದವರು ವಚನದ ಅಂಕಿ ಹಾಕಿರಲಿಲ್ಲ. ನಾವು ಇವತ್ತು ಬಳಸುವ ಹೊಸ ಒಡಂಬಡಿಕೆಯ ವಚನ ಸಂಖ್ಯೆಗಳನ್ನು 1551ರಲ್ಲಿ ರಾಬೆರ್ ಎಸ್ತಿಯೆನ್ ಅನ್ನುವ ಮುದ್ರಕ ಹಾಕಿದ್ದು. ಆ ಅಂಕಿಯನ್ನೇ ಬೇಲಿ ಮಾಡಿಕೊಂಡು ನಾನು ವಾಕ್ಯದ ಅರ್ಧ ಕಿತ್ತುಕೊಂಡಿದ್ದೆ. "ಗಮನಿಸೋಣ" ಅನ್ನುವ ಆ ಗ್ರೀಕ್ ಕ್ರಿಯಾಪದ ಲೂಕ 12:24ರಲ್ಲೂ ಇದೆ, ಕಾಗೆಗಳನ್ನು ಗಮನಿಸಿರಿ ಅಂತ ಯೇಸು ಹೇಳುವ ಕಡೆ. ಒಂದು ಕಾಗೆಯನ್ನು ನೋಡುವಷ್ಟು ನಿಧಾನವಾಗಿಯೂ ನಾನು ನನ್ನ ಗೆಳೆಯನನ್ನು ನೋಡಿರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸತ್ಯ ಹೇಳಲಾ, ಪ್ರೀತಿಯಿಂದ ಸುಮ್ಮನಿರಲಾ ಅಂತ ಕೇಳಿದ್ದೀರಿ. ಆ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸತ್ಯ ಒಂದು ತಟ್ಟೆಯಲ್ಲಿ, ಪ್ರೀತಿ ಇನ್ನೊಂದು ತಟ್ಟೆಯಲ್ಲಿ ಇಟ್ಟು ತೂಗುವುದು ಬೈಬಲಿನಲ್ಲಿ ಎಲ್ಲೂ ಇಲ್ಲ. ಎಫೆಸ 4:15ರಲ್ಲಿ ಎರಡೂ ಒಂದೇ ಉಸಿರಲ್ಲಿ ಬರುತ್ತವೆ. ನಿಮಗೆ ಮೊದಲು ಗೊತ್ತಾಗಬೇಕಾದದ್ದು ಬೇರೆ. ನಿಮ್ಮ ತಮ್ಮ ಈಗ ಯಾವ ಸ್ಥಿತಿಯಲ್ಲಿದ್ದಾನೆ?

1 ಥೆಸಲೊನೀಕ 5:14 ತೆಗೆದು ನೋಡಿ. ಅಲ್ಲಿ ಪೌಲ ಮೂರು ಥರದ ಜನರ ಬಗ್ಗೆ ಹೇಳುತ್ತಾನೆ. ಅಡ್ಡದಾರಿಯಲ್ಲಿ ನಡೆಯುವವರಿಗೆ ಬುದ್ಧಿ ಹೇಳಿ, ಮನಗುಂದಿದವರಿಗೆ ಧೈರ್ಯ ಕೊಡಿ, ಬಲವಿಲ್ಲದವರಿಗೆ ಆಧಾರವಾಗಿರಿ. ತಾಳ್ಮೆ ಮಾತ್ರ ಎಲ್ಲರಿಗೂ. ನಾನು ಮನಗುಂದಿದವನಿಗೆ ಬುದ್ಧಿ ಹೇಳಿದೆ. ನೀವು ಬರೆದದ್ದರಲ್ಲಿ ತಮ್ಮ ಏನು ಮಾಡುತ್ತಿಲ್ಲ ಅನ್ನುವುದಿದೆ, ಅವನಿಗೆ ಏನಾಗಿದೆ ಅನ್ನುವುದು ಒಂದು ಸಾಲೂ ಇಲ್ಲ. ಬೇಸರ ಮಾಡಿಕೊಳ್ಳಬೇಡಿ. ನಾನು ಆಗ ಬರೆದಿದ್ದರೂ ಹೀಗೇ ಬರೆಯುತ್ತಿದ್ದೆ.

ಹಾಗಂತ ಸುಮ್ನೆ ಇದ್ದುಬಿಡಿ ಅಂತ ನಾನು ಹೇಳುತ್ತಿಲ್ಲ. ಅವನು ನಿಜವಾಗಿಯೂ ತಪ್ಪು ದಾರಿ ಹಿಡಿದಿದ್ದರೆ, ಯಾರಿಗಾದರೂ ಅನ್ಯಾಯ ಮಾಡುತ್ತಿದ್ದರೆ, ಹೇಳಲೇಬೇಕು. ಇನ್ನೊಬ್ಬನ ಹೆಂಡತಿಯನ್ನು ತೆಗೆದುಕೊಂಡು ಅವಳ ಗಂಡನನ್ನು ಕೊಲ್ಲಿಸಿದ್ದ ಅರಸ ದಾವೀದನ ಮುಂದೆ ಪ್ರವಾದಿ ನಾತಾನ ನಿಂತು "ಆ ಮನುಷ್ಯನು ನೀನೇ" ಅಂದ. ಅರಸನಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದರೆ ಅದು ಪ್ರೀತಿಯಾಗುತ್ತಿರಲಿಲ್ಲ. ಆದರೆ ನಾತಾನನಿಗೆ ನಡೆದದ್ದೆಲ್ಲ ಗೊತ್ತಿತ್ತು. ಅವನು ಊಹೆ ಕಟ್ಟಿಕೊಂಡು ಹೋದವನಲ್ಲ. ಇನ್ನು, ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಮೂವರು ಗೆಳೆಯರನ್ನು ನೋಡಿ. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು. ಇಡೀ ಪುಸ್ತಕದಲ್ಲಿ ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ ಅನ್ನಿಸುತ್ತದೆ ನನಗೆ. ಬಾಯಿ ತೆರೆದ ಮೇಲೆ, ನೀನು ಏನೋ ಪಾಪ ಮಾಡಿದ್ದೀಯ ಅಂತ ಶುರು ಮಾಡಿದರು. ಕೊನೆಯ ಅಧ್ಯಾಯದಲ್ಲಿ ದೇವರು ಕೋಪಿಸಿಕೊಂಡದ್ದು ಅವರ ಮೇಲೆಯೇ.

ಗೆಳೆಯನ ಹತ್ತಿರ ನಾನು ಕ್ಷಮೆ ಕೇಳಿದೆ, ಆ ಕೆಂಪು ಗೆರೆ ನೋಡಿದ ವಾರವೇ. ಅವನು ಕ್ಷಮಿಸಿದ. "ನೀನು ಓದಿದ್ದು ಸರಿಯಾಗೇ ಇತ್ತು. ನನ್ನನ್ನ ಒಂದ್ಸಲ ಕೇಳಬಹುದಿತ್ತು" ಅಂದ ಅಷ್ಟೇ. ಈಗ ಅವರಿಬ್ಬರೂ ಬೇರೆ ಸಭೆಗೆ ಹೋಗುತ್ತಾರೆ. ಸಿಕ್ಕಾಗ ಮಾತಾಡುತ್ತೇವೆ. ಮೊದಲಿನ ಹಾಗೆ ಜೊತೆಯಲ್ಲಿ ಮೊಣಕಾಲೂರಿ ಪ್ರಾರ್ಥಿಸುವುದು ಇನ್ನೂ ಆಗಿಲ್ಲ. ನಾನು ಕೇಳಿಲ್ಲ. ಅದನ್ನು ಅವನೇ ಕೇಳಲಿ ಅಂತ ಕಾಯುತ್ತಿದ್ದೇನೆ.

ಪಾಸ್ಟರ್ ಅವರನ್ನೂ ಕರೆದುಕೊಂಡು ಹೋಗಲಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಬೇಡ. ಮತ್ತಾಯ 18ರಲ್ಲಿ, ತಪ್ಪು ಮಾಡಿದ್ದಾನೆ ಅಂತ ಗೊತ್ತಿರುವ ಸಹೋದರನ ಹತ್ತಿರವೂ ಮೊದಲು ಒಬ್ಬನೇ ಹೋಗು ಅಂತ ಯೇಸು ಹೇಳುತ್ತಾನೆ. ನಿಮಗಂತೂ ತಪ್ಪು ನಡೆದಿದೆಯಾ ಅನ್ನುವುದೇ ಇನ್ನೂ ಗೊತ್ತಿಲ್ಲ. ಒಬ್ಬರೇ ಹೋಗಿ. ಏಳು ವಚನ ಬರೆದ ಆ ಚೀಟಿಯನ್ನು ಮನೆಯಲ್ಲೇ ಬಿಟ್ಟು ಹೋಗಿ. "ಏನಾಯ್ತು?" ಅಂತ ಕೇಳಿ. ಅವನು ತಕ್ಷಣ ಉತ್ತರ ಕೊಡದಿದ್ದರೆ ಎದ್ದು ಬರಬೇಡಿ, ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತಿರಿ.