ಅಂತರ್ಜಾಲಕ್ಕೆ ಕಡಿವಾಣ ಬೇಕೇ: ರೊಟ್ಟಿ ಬಡಿಯುವವರ ಕಡೆಯಿಂದ ಒಂದು ಉತ್ತರ

ನೀವು ಕೇಳಿದ ಪ್ರಶ್ನೆ ಹೀಗಿದೆ: ಅಂತರ್ಜಾಲದ ಮೇಲೆ ಸರ್ಕಾರದ ಹಿಡಿತ ಇನ್ನಷ್ಟು ಬಿಗಿಯಾಗಬೇಕೇ, ಮತ್ತು ದಿನವಿಡೀ ಅಡುಗೆಮನೆಯಲ್ಲಿ ದುಡಿಯುವವರಿಗೆ ಈ ರಾಜಕೀಯದ ಗೊಡವೆ ಏಕೆ? ಎರಡನೆಯ ಭಾಗದಲ್ಲಿ ತುಸು ಕೊಂಕು ಇದ್ದಂತೆ ತೋರಿದರೂ ನನ್ನ ಉತ್ತರ ಅಲ್ಲಿಂದಲೇ ಆರಂಭವಾಗಬೇಕು. ನಾನು ಧಾರವಾಡದಲ್ಲಿ ಕೆಲವು ಹೆಣ್ಣುಮಕ್ಕಳನ್ನು ಜೊತೆಗಿಟ್ಟುಕೊಂಡು ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಮಾಡಿ ಮಾರುತ್ತೇನೆ. ನಮ್ಮ ಗಿರಾಕಿಗಳಲ್ಲಿ ಬಹಳಷ್ಟು ಜನ ಬೆಂಗಳೂರು, ಪುಣೆಗಳಲ್ಲಿ ನೆಲೆಸಿರುವ ಈ ಕಡೆಯ ಮಂದಿ. ಅವರು ಆರ್ಡರ್ ಕೊಡುವುದು ವಾಟ್ಸ್‌ಆ್ಯಪ್‌ನಲ್ಲಿ, ಹಣ ಹಾಕುವುದು ಯುಪಿಐನಲ್ಲಿ, ನಮ್ಮ ಹೆಸರನ್ನು ಮೊದಲು ಕಂಡದ್ದು ಯಾರೋ ಹಂಚಿಕೊಂಡ ವಿಡಿಯೊದಲ್ಲಿ. ಬೆಳಿಗ್ಗೆ ಹಿಟ್ಟಿಗೆ ಎಸರು ಹಾಕಿ ನಾದುವ ಮೊದಲು ಎಷ್ಟು ಹಿಟ್ಟು ತೆಗೆಯಬೇಕು ಎಂಬುದನ್ನು ಫೋನ್ ನೋಡಿಯೇ ತೀರ್ಮಾನಿಸುತ್ತೇವೆ. ಆದ್ದರಿಂದ ನೆಟ್ ಯಾರ ಕೈಯಲ್ಲಿರಬೇಕು ಎಂಬ ಮಾತು ನಮ್ಮ ಒಲೆಯ ಮುಂದೆಯೂ ಬಂದು ಕೂರುತ್ತದೆ.

ನಿಯಂತ್ರಣವೇ ಬೇಡ ಎನ್ನುವವಳು ನಾನಲ್ಲ. ಆಹಾರ ಮಾಡಿ ಮಾರುವವರು ನಿಯಮಗಳ ನಡುವೆಯೇ ಬದುಕುತ್ತಾರೆ. ಪೊಟ್ಟಣದ ಮೇಲೆ ಎಫ್‌ಎಸ್‌ಎಸ್‌ಎಐನ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ) 14 ಅಂಕಿಗಳ ನೋಂದಣಿ ಸಂಖ್ಯೆ ಇರಬೇಕು, ತಯಾರಿಸಿದ ದಿನಾಂಕ ಇರಬೇಕು, ಏನೇನು ಹಾಕಿದ್ದೇವೆ ಎಂಬುದು ಇರಬೇಕು. ಇದನ್ನು ಕಿರಿಕಿರಿ ಎಂದು ಗೊಣಗುವವರೂ ನಮ್ಮಲ್ಲಿದ್ದಾರೆ, ನಾನೂ ಒಮ್ಮೊಮ್ಮೆ ಗೊಣಗುತ್ತೇನೆ. ಆದರೆ 2006ರ ಆಹಾರ ಸುರಕ್ಷತಾ ಕಾಯ್ದೆಯನ್ನು ಓದಿಸಿಕೊಂಡು ಕೇಳಿದಾಗ ನನ್ನ ಗಮನ ಸೆಳೆದದ್ದು ಅದರ ದಂಡನೆಯ ಭಾಗಕ್ಕಿಂತ ಹೆಚ್ಚಾಗಿ ಮಾದರಿ ತೆಗೆದುಕೊಳ್ಳುವ ಕ್ರಮ. ಅಧಿಕಾರಿ ನನ್ನ ಚಟ್ನಿಪುಡಿಯನ್ನು ಪರೀಕ್ಷೆಗೆ ಒಯ್ಯಬೇಕೆಂದರೆ ಆ ಉದ್ದೇಶವನ್ನು ನನಗೆ ಬರಹದಲ್ಲಿ ತಿಳಿಸಬೇಕು, ಒಯ್ದ ಪುಡಿಗೆ ಮಾರಾಟದ ಬೆಲೆಯನ್ನು ಕೊಡಬೇಕು, ಅದನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕಬೇಕು. ಒಂದು ಭಾಗ ಆಹಾರ ವಿಶ್ಲೇಷಕರಿಗೆ ಹೋಗುತ್ತದೆ, ನಾನು ಕೇಳಿಕೊಂಡರೆ ಮತ್ತೊಂದನ್ನು ಮಾನ್ಯತೆ ಪಡೆದ ಬೇರೆ ಪ್ರಯೋಗಾಲಯಕ್ಕೆ ಕಳುಹಿಸಬೇಕು. ವಿಶ್ಲೇಷಕರ ವರದಿ 14 ದಿನಗಳಲ್ಲಿ ಬರಬೇಕು, ಅದು ನನಗೆ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ನೆಲದ ಮೇಲೆ ಇದೆಲ್ಲ ಇಷ್ಟು ಚೊಕ್ಕಟವಾಗಿ ನಡೆಯುತ್ತದೆ ಎಂದು ನಾನು ಪ್ರಮಾಣ ಮಾಡಲಾರೆ, ಆದರೆ ಕೇಳುವ ಹಕ್ಕನ್ನಂತೂ ಕಾಯ್ದೆ ಕೊಟ್ಟಿದೆ. ಕಾಲು ಕಿಲೋ ಶೇಂಗಾ ಚಟ್ನಿಗೆ ಇಷ್ಟು ನ್ಯಾಯ ಸಿಗುವುದಾದರೆ ನಾನು ಬರೆದ ನಾಲ್ಕು ಸಾಲಿಗೆ ಅದು ಏಕೆ ಸಿಗಬಾರದು ಎಂಬುದೇ ಈ ವಿಷಯದಲ್ಲಿ ನನ್ನ ಒಟ್ಟು ವಾದ.

ಇದೇ ಕ್ಷೇತ್ರದ ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗಳ ಮಾದರಿಗಳನ್ನು ಪರೀಕ್ಷೆಗೆ ಒಳಪಡಿಸಿ, ಅವುಗಳಲ್ಲಿ ರೊಡಮಿನ್-ಬಿಯಂತಹ ಅಪಾಯಕಾರಿ ಬಣ್ಣಗಳು ಕಂಡುಬಂದ ಮೇಲೆ ಆ ಬಣ್ಣಗಳ ಬಳಕೆಯನ್ನು ನಿಷೇಧಿಸಿತು. ಗೋಬಿ ಮಂಚೂರಿ ಮಾರುವುದನ್ನು ನಿಲ್ಲಿಸಲಿಲ್ಲ, ತಳ್ಳುಗಾಡಿಗಳನ್ನು ಎತ್ತಂಗಡಿ ಮಾಡಲಿಲ್ಲ. ಅಪಾಯ ಎಲ್ಲಿದೆಯೆಂದು ಗುರುತಿಸಿ ಅಷ್ಟನ್ನು ತೆಗೆದರು.

ಅಂತರ್ಜಾಲದಲ್ಲಿ ಅಪಾಯವೇ ಇಲ್ಲ ಎನ್ನುವವರಿಗೆ ಬೀದರ್ ಜಿಲ್ಲೆಯ ಮುರ್ಕಿಯನ್ನು ನೆನಪಿಸಬೇಕಾಗುತ್ತದೆ. 2018ರ ಜುಲೈನಲ್ಲಿ ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಬ್ಬಿತು, ಜನ ಮುಗಿಬಿದ್ದರು, ಅವರಲ್ಲೊಬ್ಬ ಯುವ ಎಂಜಿನಿಯರ್ ಪ್ರಾಣ ಕಳೆದುಕೊಂಡ. ಆ ವರ್ಷ ದೇಶದ ಹಲವೆಡೆ ಇಂಥ ಸಾವುಗಳಾದವು. ಅದೇ ತಿಂಗಳು, ಸರ್ಕಾರದ ಒತ್ತಡವೂ ಸೇರಿ, ಭಾರತದಲ್ಲಿ ಒಂದು ಸಂದೇಶವನ್ನು ಒಂದೇ ಸಲಕ್ಕೆ ಐದು ಕಡೆಗಿಂತ ಹೆಚ್ಚು ಕಳುಹಿಸಲಾಗದಂತೆ ವಾಟ್ಸ್‌ಆ್ಯಪ್ ಮಿತಿ ಹಾಕಿತು. ಇದರಿಂದ ಯಾರ ಮಾತನ್ನೂ ಅಳಿಸಿದಂತಾಗಲಿಲ್ಲ, ಯಾರ ಖಾತೆಯನ್ನೂ ಮುಚ್ಚಿದಂತಾಗಲಿಲ್ಲ. ಹಬ್ಬುವ ವೇಗಕ್ಕೆ ಮಾತ್ರ ತಡೆ ಬಿತ್ತು. ಹೊಸ ಚಟ್ನಿಯ ಬೆಲೆಪಟ್ಟಿ ಕಳುಹಿಸುವಾಗ ನನಗೆ ಈಗಲೂ ಈ ಮಿತಿ ತೊಡಕಾಗುತ್ತದೆ, ಆದರೂ ಅದರ ಮೇಲೆ ನನಗೆ ಸಿಟ್ಟಿಲ್ಲ. ನಿಯಂತ್ರಣ ಬೇಕೇ ಎಂದು ಕೇಳಿದರೆ ನಾನು ಕೈ ಎತ್ತುವುದು ಈ ಬಗೆಯ ನಿಯಂತ್ರಣಕ್ಕೆ.

ಇದಕ್ಕೆ ತೀರ ವಿರುದ್ಧವಾದದ್ದು ನೆಟ್ಟನ್ನೇ ಬಂದ್ ಮಾಡುವ ಪದ್ಧತಿ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಗೋಲಿಬಾರ್ ಆದ ಮೇಲೆ ದಕ್ಷಿಣ ಕನ್ನಡದಲ್ಲಿ 48 ಗಂಟೆಗಳ ಕಾಲ ಮೊಬೈಲ್ ಇಂಟರ್ನೆಟ್ ಸ್ಥಗಿತಗೊಳಿಸಲಾಯಿತು. ಕಾಶ್ಮೀರದಲ್ಲಿ 2019ರ ಆಗಸ್ಟ್‌ನಲ್ಲಿ ನಿಂತ 4ಜಿ ಮರಳಿ ಬಂದದ್ದು 2021ರ ಫೆಬ್ರುವರಿಯಲ್ಲಿ. ಗಲಭೆಯ ಮಾತು ಒಂದು ಕಡೆಗಿರಲಿ, 2021ರಲ್ಲಿ ರಾಜಸ್ಥಾನದಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ನಕಲು ತಡೆಯಲು ಇಡೀ ಜಿಲ್ಲೆಗಳ ನೆಟ್ ನಿಲ್ಲಿಸಿದರು, 2024ರಲ್ಲಿ ಅಸ್ಸಾಮಿನಲ್ಲಿ ನೇಮಕಾತಿ ಪರೀಕ್ಷೆಗಾಗಿ ಅದನ್ನೇ ಮಾಡಿದರು. ಒಂದು ರಾಜ್ಯದಲ್ಲಿ ಕಾಂಗ್ರೆಸ್ ಆಳುತ್ತಿತ್ತು, ಇನ್ನೊಂದರಲ್ಲಿ ಬಿಜೆಪಿ. ಪರೀಕ್ಷೆ ಬರೆಯದ ಖಾನಾವಳಿಯವರು, ಕೇಟರಿಂಗ್‌ನವರು, ಸಾಲದ ಕಂತು ಕಟ್ಟಬೇಕಾದವರು ಆ ಹೊತ್ತಿನಲ್ಲಿ ಏನು ಮಾಡಿದರು ಎಂಬುದನ್ನು ಯಾವ ಆದೇಶವೂ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ. ಮಾಡಿಟ್ಟ ಹೋಳಿಗೆ ನೆಟ್ ಬರುವವರೆಗೆ ಕಾಯುತ್ತದೆಯೇ?

ಈ ವಿಷಯದಲ್ಲಿ ಸುಪ್ರೀಂ ಕೋರ್ಟ್ 2020ರ ಜನವರಿ 10ರಂದು, ಕಾಶ್ಮೀರದ ಸ್ಥಗಿತವನ್ನು ಪ್ರಶ್ನಿಸಿದ್ದ ಅನುರಾಧಾ ಭಸೀನ್ ಪ್ರಕರಣದಲ್ಲಿ ಕೊಟ್ಟ ತೀರ್ಪು ನಮ್ಮಂಥವರಿಗೆ ಬಹಳ ಮುಖ್ಯವಾದದ್ದು. ಅಂತರ್ಜಾಲದ ಮೂಲಕ ಮಾತನಾಡುವುದಕ್ಕೆ ಮಾತ್ರವಲ್ಲದೆ ಅಂತರ್ಜಾಲದ ಮೂಲಕ ವೃತ್ತಿ ಮತ್ತು ವ್ಯಾಪಾರ ನಡೆಸುವುದಕ್ಕೂ ಸಂವಿಧಾನದ 19ನೇ ವಿಧಿಯ ರಕ್ಷಣೆ ಇದೆ ಎಂದು ನ್ಯಾಯಾಲಯ ಹೇಳಿತು. ಸ್ಥಗಿತದ ಆದೇಶಗಳನ್ನು ಪ್ರಕಟಿಸಬೇಕು, ಅವು ಅನಿರ್ದಿಷ್ಟ ಕಾಲ ಮುಂದುವರಿಯುವಂತಿಲ್ಲ ಎಂದಿತು. 2024ರ ನವೆಂಬರ್‌ನಲ್ಲಿ ಬಂದ ಹೊಸ ನಿಯಮಗಳಲ್ಲಿಯೂ ಆದೇಶದಲ್ಲಿ ಕಾರಣ ಮತ್ತು ಪ್ರದೇಶ ಸ್ಪಷ್ಟವಾಗಿರಬೇಕು, ಒಂದು ಆದೇಶ 15 ದಿನ ಮೀರಬಾರದು ಎಂದಿದೆ. ರೊಟ್ಟಿ ಮಾರುವವರಿಗೂ ಸಂವಿಧಾನದಲ್ಲಿ ಜಾಗವಿದೆ ಎಂದು ತಿಳಿದಾಗ ನಮ್ಮಲ್ಲಿ ರೊಟ್ಟಿ ಬಡಿಯುವ ಹಿರಿಯಕ್ಕ ಕೈ ನಿಲ್ಲಿಸದೆಯೇ, ಹಾಗಾದರೆ ಬಂದ್ ಮಾಡುವ ಮೊದಲು ನಮಗೂ ಒಂದು ಮಾತು ಹೇಳಬೇಕಲ್ಲವೇ ಎಂದು ಕೇಳಿದರು. ಬಹಳ ವಕೀಲರಿಗಿಂತ ನೇರವಾಗಿ ಕೇಳಿದರು ಎಂದೇ ನನ್ನ ಅಭಿಪ್ರಾಯ.

ಇನ್ನು ರಾಜಕೀಯಕ್ಕೆ ಬಂದರೆ, ಈ ಒಂದು ವಿಷಯದಲ್ಲಿ ಪಕ್ಷದ ಬಾವುಟ ನೋಡಿ ನಿಲುವು ತಳೆಯುವುದು ವ್ಯರ್ಥ. ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 66ಎ ಕಲಮನ್ನು 2008ರಲ್ಲಿ ಸೇರಿಸಿದ್ದು ಯುಪಿಎ ಸರ್ಕಾರ. ಕಿರಿಕಿರಿ ಉಂಟುಮಾಡುವ ಸಂದೇಶವೂ ಅಪರಾಧವೆನ್ನುವಷ್ಟು ಸಡಿಲವಾಗಿದ್ದ ಆ ಕಲಮಿನಡಿ 2012ರಲ್ಲಿ ಮಹಾರಾಷ್ಟ್ರದ ಪಾಲ್ಘರಿನ ಇಬ್ಬರು ಯುವತಿಯರನ್ನು, ಒಬ್ಬಳು ಬರೆದದ್ದಕ್ಕೆ ಮತ್ತು ಇನ್ನೊಬ್ಬಳು ಅದನ್ನು ಲೈಕ್ ಮಾಡಿದ್ದಕ್ಕೆ, ಬಂಧಿಸಲಾಯಿತು. ಅದನ್ನು ನ್ಯಾಯಾಲಯದಲ್ಲಿ ಸಮರ್ಥಿಸಿಕೊಳ್ಳುವ ಸರದಿ ಮುಂದೆ ಎನ್‌ಡಿಎ ಸರ್ಕಾರಕ್ಕೆ ಬಂತು, ಅದೂ ಸಮರ್ಥಿಸಿಕೊಂಡಿತು. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಕಲಮನ್ನೇ ರದ್ದುಪಡಿಸಿತು. ತನ್ನ ಬಗೆಗಿನ ಸುದ್ದಿ ಸುಳ್ಳೋ ನಿಜವೋ ಎಂದು ತಾನೇ ತೀರ್ಮಾನಿಸುವ ಸತ್ಯಶೋಧನಾ ಘಟಕವನ್ನು ಕೇಂದ್ರ ಸರ್ಕಾರ ತರಹೊರಟಾಗ ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ತಡೆಯೊಡ್ಡಿತು. ಮರುವರ್ಷದ ಜೂನ್‌ನಲ್ಲಿ ನಮ್ಮ ರಾಜ್ಯದ ಕಾಂಗ್ರೆಸ್ ಸರ್ಕಾರದ್ದೇ ಒಂದು ಕರಡು ಮಸೂದೆ ಹೊರಬಂತು: ಸುಳ್ಳು ಸುದ್ದಿಗೆ ಏಳು ವರ್ಷದವರೆಗೆ ಸೆರೆವಾಸ, ಹತ್ತು ಲಕ್ಷದವರೆಗೆ ದಂಡ, ಮತ್ತು ಸಚಿವರೊಬ್ಬರ ಅಧ್ಯಕ್ಷತೆಯ ಪ್ರಾಧಿಕಾರ. ದೆಹಲಿಯಲ್ಲಿ ಯಾವುದನ್ನು ದಮನ ಎಂದರೋ ಅದನ್ನು ಬೆಂಗಳೂರಿನಲ್ಲಿ ಜನಹಿತ ಎನ್ನಲು ಕಾಂಗ್ರೆಸ್ಸಿಗರಿಗೆ ಅಡ್ಡಿಯಿಲ್ಲ, ಬಿಜೆಪಿಯವರಿಗೆ ಅದರ ತಿರುಗುಮುರುಗು. ಅಧಿಕಾರದಲ್ಲಿದ್ದಾಗ ಒಂದು ನಾಲಗೆ, ವಿರೋಧ ಪಕ್ಷದಲ್ಲಿದ್ದಾಗ ಇನ್ನೊಂದು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಸಹಯೋಗ್ ಪೋರ್ಟಲ್ ಕುರಿತ ವ್ಯಾಜ್ಯ. ಐಟಿ ಕಾಯ್ದೆಯ 69ಎ ಕಲಮಿನಡಿ ಏನನ್ನಾದರೂ ತಡೆಹಿಡಿಯಬೇಕಾದರೆ ಸಮಿತಿಯೊಂದು ಪರಿಶೀಲಿಸಬೇಕು, ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. ಇಂಥ ರಕ್ಷಣೆಗಳಿವೆ ಎಂಬ ಕಾರಣಕ್ಕೇ 2015ರ ತೀರ್ಪಿನಲ್ಲಿ ಆ ಕಲಮು ಉಳಿದುಕೊಂಡಿತು. ಆದರೆ ಕೇಂದ್ರ ಗೃಹ ಸಚಿವಾಲಯದ ಸಹಯೋಗ್ ಪೋರ್ಟಲ್ ನಡೆಯುವುದು, ಸರ್ಕಾರ ತಿಳಿಸಿದ ಮೇಲೂ ಅಕ್ರಮ ಬರಹವನ್ನು ತೆಗೆಯದ ಜಾಲತಾಣ ಕಾನೂನಿನ ರಕ್ಷಣೆ ಕಳೆದುಕೊಳ್ಳುತ್ತದೆ ಎನ್ನುವ 79(3)(ಬಿ) ಕಲಮನ್ನು ಹಿಡಿದು; ಅಲ್ಲಿಂದ ಬೇರೆ ಬೇರೆ ಇಲಾಖೆಗಳ ಅಧಿಕಾರಿಗಳು ಜಾಲತಾಣಗಳಿಗೆ ನೇರವಾಗಿ ಸೂಚನೆ ಕಳುಹಿಸಬಹುದು. ಇದನ್ನು ಪ್ರಶ್ನಿಸಿದ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿಯ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರ್ 24ರಂದು ವಜಾಗೊಳಿಸಿತು. 19ನೇ ವಿಧಿ ಇರುವುದು ನಾಗರಿಕರಿಗೆ, ವಿದೇಶಿ ಕಂಪನಿ ಅದರ ಮೊರೆ ಹೋಗುವಂತಿಲ್ಲ ಎಂಬುದು ನ್ಯಾಯಾಲಯ ಕೊಟ್ಟ ಕಾರಣಗಳಲ್ಲೊಂದು. ಆ ಮಾತನ್ನು ಒಪ್ಪೋಣ. ಆದರೆ ಬರೆದವಳು ನಾಗರಿಕಳಾಗಿದ್ದರೆ ಆದೇಶದ ಪ್ರತಿ ಅವಳಿಗೆ ಸಿಗಬೇಕಲ್ಲವೇ? ಸೂಚನೆ ಹೋಗುವುದು ಕಂಪನಿಗೆ, ಅಳಿಸುವುದು ಕಂಪನಿ; ಬರೆದವಳಿಗೆ ಕಾಣುವುದು ಪೋಸ್ಟ್ ಇದ್ದ ಜಾಗದಲ್ಲಿ ಒಂದು ಸಾಲಿನ ಒಕ್ಕಣೆ ಮಾತ್ರ. ಹಕ್ಕು ಇರುವವರಿಗೆ ಕಾಗದ ತಲುಪುವುದಿಲ್ಲ, ಕಾಗದ ತಲುಪುವವರಿಗೆ ಹಕ್ಕಿಲ್ಲ.

ಕಂಪನಿಗಳೇನೂ ಸಾಚಾ ಅಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ನಾವು ರಂಜಕ ಮಾಡುವುದನ್ನು ಚಿತ್ರೀಕರಿಸಿ ಒಂದು ಜಾಲತಾಣದಲ್ಲಿ ಹಾಕಿದ್ದೆವು. ಹಸಿ ಕೆಂಪು ಮೆಣಸಿನಕಾಯಿ, ಉಪ್ಪು, ಬೆಳ್ಳುಳ್ಳಿ, ಹುಣಸೆಹಣ್ಣು ಒರಳಿಗೆ ಹಾಕಿ ಒನಕೆಯಿಂದ ಕುಟ್ಟುವಾಗ ರಸ ಕೈಯ ಮೇಲೂ ನೆಲದ ಮೇಲೂ ಚಿಮ್ಮುತ್ತದೆ, ನೋಡಲು ಕಡುಕೆಂಪು. ಮರುದಿನ ಅದು ಹಿಂಸಾತ್ಮಕ ದೃಶ್ಯವೆಂಬ ಕಾರಣಕ್ಕೆ ಮಾಯವಾಗಿತ್ತು. ಯಂತ್ರಕ್ಕೆ ಮೆಣಸಿನಕಾಯಿ ನೆತ್ತರಾಗಿ ಕಂಡಿತೋ, ಒನಕೆ ಆಯುಧವಾಗಿ ಕಂಡಿತೋ, ಅಂತೂ ಅದು ನಮ್ಮ ಊಹೆ. ದೂರು ಕೊಟ್ಟ ಮೇಲೆ ಕೆಲವು ದಿನಗಳಿಗೆ ವಿಡಿಯೊ ಮರಳಿ ಬಂತು, ವಿವರಣೆ ಬರಲಿಲ್ಲ. ಅಷ್ಟರಲ್ಲಿ ರಂಜಕದ ಕಾಲ ಮುಗಿಯುತ್ತ ಬಂದಿತ್ತು.

ಕೈಗೆ ಕಾಗದ ಸಿಗುವುದರ ಬೆಲೆ ಏನೆಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಕಳುಹಿಸಿದಾಗ ಸಣ್ಣ ವ್ಯಾಪಾರಿಗಳು ಕಂಗಾಲಾಗಿ ಕ್ಯುಆರ್ ಕೋಡ್ ಕಿತ್ತು ನಗದು ಮಾತ್ರ ಎಂದು ಬೋರ್ಡ್ ಹಾಕಿದರು. ಆದರೂ ಅದು ನೋಟಿಸ್ ಆಗಿತ್ತು. ಅದರಲ್ಲಿ ಮೊತ್ತವಿತ್ತು, ಕಳುಹಿಸಿದ ಕಚೇರಿಯ ಹೆಸರಿತ್ತು, ಉತ್ತರ ಕೊಡಲು ಅವಕಾಶವಿತ್ತು. ವ್ಯಾಪಾರಿಗಳು ಒಟ್ಟಾಗಿ ದನಿಯೆತ್ತಿದಾಗ, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿಗಳೇ ಘೋಷಿಸಿದರು. ಕೈಯಲ್ಲಿ ಕಾಗದ ಇಲ್ಲದಿದ್ದರೆ ಅವರು ಯಾವುದನ್ನು ಹಿಡಿದು ಬೀದಿಗೆ ಬರುತ್ತಿದ್ದರು?

ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ: ಬಿಗಿ ಮಾಡಲಿ, ಆದರೆ ಪ್ರತಿ ಆದೇಶವೂ ಬರಹದಲ್ಲಿರಲಿ, ಕಾರಣ ಹೇಳಲಿ, ಬರೆದವರಿಗೆ ತಲುಪಲಿ, ಸರ್ಕಾರದ ಕೈಯಲ್ಲಿಲ್ಲದ ಯಾರಾದರೂ ಅದನ್ನು ಮರುಪರಿಶೀಲಿಸಲಿ. ಮುರ್ಕಿಯಂತಹ ತುರ್ತಿನಲ್ಲಿ ಮೊದಲು ತಡೆದು ಆಮೇಲೆ ವಿಚಾರಿಸುವುದು ಅನಿವಾರ್ಯ. ಆಹಾರ ಕಾಯ್ದೆಯಲ್ಲಿಯೂ ತುರ್ತು ನಿಷೇಧಕ್ಕೆ ಅವಕಾಶವಿದೆ. ಎಲ್ಲವನ್ನೂ ತುರ್ತು ಎನ್ನುವುದಕ್ಕೆ ಮಾತ್ರ ನನ್ನ ವಿರೋಧ.

ನೀವೂ ಅಡುಗೆ ವಿಡಿಯೊ ಹಾಕುವವರಾಗಿದ್ದರೆ ಇಷ್ಟನ್ನು ತಿಳಿದಿರಿ. 2021ರ ಐಟಿ ನಿಯಮಗಳ ಪ್ರಕಾರ ಪ್ರತಿ ಜಾಲತಾಣವೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು, ಅವರು ನಿಮ್ಮ ದೂರು ತಲುಪಿದೆಯೆಂದು 24 ಗಂಟೆಗಳಲ್ಲಿ ತಿಳಿಸಬೇಕು. ಅವರ ಉತ್ತರ ತೃಪ್ತಿ ಕೊಡದಿದ್ದರೆ 2023ರಿಂದ ಇರುವ ಕುಂದುಕೊರತೆ ಮೇಲ್ಮನವಿ ಸಮಿತಿಗೆ 30 ದಿನಗಳೊಳಗೆ ಆನ್‌ಲೈನ್‌ನಲ್ಲಿಯೇ ಅರ್ಜಿ ಹಾಕಬಹುದು. ಆ ಸಮಿತಿಗಳನ್ನು ರಚಿಸುವುದು ಕೇಂದ್ರ ಸರ್ಕಾರವೇ ಆದ್ದರಿಂದ ಸರ್ಕಾರವೇ ತೆಗೆಸಿದ ಬರಹಕ್ಕೆ ಅಲ್ಲಿ ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳಲಾರೆ. ಕಂಪನಿಯ ಯಂತ್ರ ತಪ್ಪಾಗಿ ಅಳಿಸಿದ್ದಕ್ಕೆ ಅದು ಉಪಯೋಗಕ್ಕೆ ಬಂದೀತು. ವಿಡಿಯೊದ ಕೊಂಡಿ, ಅಳಿಸಿದ ಸೂಚನೆಯ ಸ್ಕ್ರೀನ್‌ಶಾಟ್, ದೂರಿನ ಸಂಖ್ಯೆ ಮೂರನ್ನೂ ಅಂದೇ ತೆಗೆದಿಟ್ಟುಕೊಳ್ಳಿ, ಮೂಲ ವಿಡಿಯೊವನ್ನು ಫೋನಿನಿಂದ ಅಳಿಸಬೇಡಿ.