ರಫ್ತು ನಿಲ್ಸಿದ್ರೂ ಅಕ್ಕಿ ರೇಟು ಯಾಕೆ ಇಳೀಲಿಲ್ಲ?

ಅಂಕೋಲೆಯ ನಿವೃತ್ತ ಅಕ್ಕೋರಿಗೆ ನಮಸ್ಕಾರ. 2023ರಲ್ಲಿ ಸರ್ಕಾರ ಅಕ್ಕಿ ರಫ್ತು ಬ್ಯಾನ್ ಮಾಡ್ತು, ಆದ್ರೂ ನಿಮ್ಮೂರ ಅಂಗಡೀಲಿ ಕುಚ್ಚಲಕ್ಕಿ ರೇಟು ಇಳೀಲೇ ಇಲ್ಲ ಯಾಕೆ ಅಂತ ಒಂದು ಪ್ರಶ್ನೆ, ನಮ್ಮ ಗಜನಿಯ (ಉಪ್ಪುನೀರು ನುಗ್ಗೋ ಗದ್ದೆಯ) ಕಗ್ಗ ಅನ್ನೋ ತಳಿಯ ಅಕ್ಕಿನ ಫಾರಿನ್‌ಗೆ ಕಳ್ಸಿದ್ರೆ ದುಡ್ಡಾಗ್ತದಾ ಅಂತ ಇನ್ನೊಂದು ಕೇಳಿದ್ದೀರಿ.

ಮೊದಲ್ನೇದಕ್ಕೆ ನೇರ ಉತ್ತರ ಏನಂದ್ರೆ, ಕುಚ್ಚಲಕ್ಕಿ ಮೇಲೆ ಬ್ಯಾನೇ ಇರ್ಲಿಲ್ಲ. ಆ ವರ್ಷ ಜುಲೈ 20ಕ್ಕೆ ನಿಲ್ಸಿದ್ದು ಬಾಸ್ಮತಿ ಅಲ್ಲದ ಬಿಳಿ ಅಕ್ಕಿನ ಮಾತ್ರ, ಕುಚ್ಚಲಕ್ಕಿಗೆ ಆಗಸ್ಟ್ ಕೊನೇಲಿ ಶೇ. 20 ಸುಂಕ ಹಾಕಿದ್ರು ಅಷ್ಟೇ. ಆಫ್ರಿಕಾದ ಬೆನಿನ್ ಕಡೆಯವ್ರು ನಮ್ಮಂಗೇ ಕುಚ್ಚಲಕ್ಕಿ ಗಿರಾಕಿಗಳು, ಸುಂಕ ಕೊಟ್ಟಾದ್ರೂ ತಗೊಂಡ್ರು. ಅದರ ಮೇಲೆ ಆ ಆಗಸ್ಟಲ್ಲಿ ಮಳೆನೂ ಕೈಕೊಡ್ತು, 1901ರಿಂದೀಚೆ ಅಷ್ಟು ಒಣ ಆಗಸ್ಟ್ ದೇಶದಲ್ಲಿ ಬಂದಿರ್ಲಿಲ್ಲ, ಬೆಳೆ ಕಮ್ಮಿ ಆಗ್ತದೆ ಅಂದ್ಕೊಂಡು ವ್ಯಾಪಾರಸ್ಥರು ಮಾಲು ಹಿಡಿದಿಟ್ಕೊಂಡ್ರೆ ಆಶ್ಚರ್ಯ ಏನಿಲ್ಲ. ಕೊನೆಗೆ 2024ರ ಫೆಬ್ರವರಿಲಿ ಸ್ಟಾಕ್ ಲೆಕ್ಕ ಕೊಡಿ ಅಂತ ಸರ್ಕಾರವೇ ಕೇಳ್ಬೇಕಾಯ್ತು, ಕಿಲೋಗೆ 29 ರೂಪಾಯಿಯಂತೆ ಕೇಂದ್ರದವ್ರು ಮಾರಿದ ಭಾರತ್ ಅಕ್ಕಿ ಬಂದಿದ್ದೂ ಆಗ್ಲೇ. ನಮ್ಮ ರಾಜ್ಯಕ್ಕಂತೂ ಕೇಂದ್ರದ ಆಹಾರ ನಿಗಮದ (ಎಫ್‌ಸಿಐ) ಅಕ್ಕಿ ಸಿಗದೇ ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ. ಬದಲು ತಲೆಗೆ 170 ರೂಪಾಯಿ ಅಕೌಂಟಿಗೆ ಬಂತಲ್ಲ, ಆ ದುಡ್ಡು ಹಿಡ್ಕೊಂಡು ಜನ ಹೋಗಿದ್ದೂ ಅದೇ ಅಂಗಡಿಗೆ.

ಜಗತ್ತಲ್ಲಿ ವರ್ಷಕ್ಕೆ 50 ಕೋಟಿ ಟನ್ ಮೇಲೆ ಅಕ್ಕಿ ಆಗ್ತದೆ, ಆದ್ರೆ ಬೆಳೆದಲ್ಲೇ ಉಂಡು ಮುಗಿಸ್ತಾರೆ, ಹತ್ತರಲ್ಲಿ ಒಂದು ಪಾಲಷ್ಟೇ ದೇಶ ದಾಟೋದು, ಅದ್ರಲ್ಲೂ ಸುಮಾರು ಶೇ. 40 ನಮ್ದೇ. ಅದಕ್ಕೇ 2023ರಲ್ಲಿ ದಿಲ್ಲೀಲಿ ಒಂದು ಸಹಿ ಬಿದ್ದಿದ್ದಕ್ಕೇ ಥಾಯ್ಲೆಂಡಲ್ಲಿ ರೇಟು ಟನ್ನಿಗೆ 600 ಡಾಲರ್ ದಾಟ್ತು. 2008ರಲ್ಲಿ 1000 ಡಾಲರ್ ಮುಟ್ಟಿತ್ತು, ಆಗ ಬೆಳೆ ಹಾಳಾಗಿರ್ಲೂ ಇಲ್ಲ, ನಾವೂ ವಿಯೆಟ್ನಾಮಿನವ್ರೂ ರಫ್ತಿನ ಬಾಗಿಲು ಹಾಕಿದ್ವಿ, ಫಿಲಿಪೈನ್ಸ್ ಹೆದ್ರಿ ಸಿಕ್ಕಿದ ರೇಟಿಗೆ ಕೊಂಡ್ಕೊಂತು. ಮೀನು ಪೇಟೆಗೆ ಎರಡೇ ಬುಟ್ಟಿ ಬಂಗಡೆ ಬಂದ ದಿವ್ಸ ಏನಾಗ್ತದೆ ನೋಡಿ, ಹಂಗೇ. 2024ರ ಸೆಪ್ಟೆಂಬರಲ್ಲಿ ಬ್ಯಾನ್ ತೆಗೆದ್ಮೇಲೆ ಹೊರಗಿನ ರೇಟು ಇಳೀತಾ ಬಂದು ಮರುವರ್ಷ ಥಾಯ್ ಅಕ್ಕಿ 400 ಡಾಲರ್‌ಗಿಂತ ಕೆಳಗೆ ಬಂತು. ನನ್ ಪ್ರಕಾರ ಈ ಬ್ಯಾನಿಂದ ಊರ ಗಿರಾಕಿಗೆ ಸಿಕ್ಕಿದ್ದು ಕಮ್ಮಿ, ಮಾರೋ ರೈತನಿಗೆ ತಪ್ಪಿದ್ದೇ ಜಾಸ್ತಿ.

ಇನ್ನು ಕಗ್ಗ. ಉಪ್ಪುನೀರು ನುಗ್ಗೋ ಗಜನೀಲಿ ಗೊಬ್ಬರ ಗಿಬ್ಬರ ಇಲ್ದೇ ಬರೋ ಭತ್ತ, ಒಳ್ಳೇ ಸರಕು, ಎರಡು ಮಾತಿಲ್ಲ. ಆದ್ರೆ ಒಂದು ಚಿಕ್ಕ ಕಂಟೇನರ್ ತುಂಬೋಕೇ 25 ಟನ್ ಅಕ್ಕಿ ಬೇಕು, ಭತ್ತ ಅಂದ್ರೆ 37 ಟನ್ ಹತ್ರ, ಅದೂ ಒಂದೇ ಕ್ವಾಲಿಟೀದು. ಕುಮಟಾ ಮಾಣಿಕಟ್ಟಾ ಕಡೆ ಎಷ್ಟೋ ಗಜನಿ ಸಿಗಡಿ ಕೆರೆ ಆಗಿ ಹೋಗಿದೆ, ಉಪ್ಪುನೀರು ತಡೆಯೋ ಖಾರ್‌ಲ್ಯಾಂಡ್ ಒಡ್ಡು ಒಡೆದ್ರೆ ಕಟ್ಟೋಕೆ ಆಳು ಸಿಗೋದಿಲ್ಲ, ಹಂಗಿರುವಾಗ ಎಲ್ಲಿಂದ ತುಂಬ್ಸೋದು? ನಿಮ್ಮ ಗದ್ದೇದು ಉಂಡು ಉಳಿದ್ರೆ ಮಿಲ್ಲಿನವ್ರಿಗೆ ಪಾಲಿಶ್ ಬೇಡ ಅಂತ ಹೇಳಿ, ಐದೈದು ಕಿಲೋ ಚೀಲ ಮಾಡಿ ಶಿರಸಿಲಿ, ಹುಬ್ಬಳ್ಳಿಲಿ ಮಾರಿ. ರೇಟು ನೀವೇ ಹೇಳಿ, ಬೆಂಬಲ ಬೆಲೆ ನೋಡ್ಕೊಂಡು ಹೇಳ್ಬೇಡಿ.

- ಸಂಪಾದಕ